ನೆರೆಯಲ್ಲಿ ಮುಳುಗಿ ಎದ್ದ ಭತ್ತ

ಭತ್ತಕ್ಕೆ ನೀರೇ ಪ್ರಾಣ. ಆದರೆ ಬುಡ ನೀರಲ್ಲಿರುವುದು ಬೇರೆ, ತಲೆಯವರೆಗೆ ಮುಳುಗುವುದು ಬೇರೆ. ನೆರೆ ನೀರು ತುದಿ ಎಲೆ ದಾಟಿ ವಾರಕ್ಕೂ ಮಿಕ್ಕಿ ನಿಂತರೆ ಸಾಮಾನ್ಯ ತಳಿಗಳ ಪೈರಿನ ಆಸೆ ಬಿಡಬೇಕು. ಒಡಿಶಾ, ಬಿಹಾರ, ಬಾಂಗ್ಲಾದೇಶದ ನದಿಬಯಲಿನ ರೈತರು ಈ ನಷ್ಟವನ್ನು ತಲೆತಲಾಂತರದಿಂದ ಉಂಡವರು.

ಆ ಒಡಿಶಾದಲ್ಲೇ ಧುಲ್ಲಾಪುಟಿಯಾ ಎಂಬ ನಾಟಿ ತಳಿಯಿತ್ತು. ಎರಡು ವಾರ ನೀರಡಿ ಇದ್ದರೂ ಮತ್ತೆ ಚಿಗುರುತ್ತಿತ್ತು. ಅದರಿಂದ ಆಯ್ದ ಶುದ್ಧ ತಳಿಗೆ ಎಫ್‌ಆರ್ 13ಎ ಎಂದು ಹೆಸರಾಯಿತು. ಅದು ಫಿಲಿಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಬೀಜಭಂಡಾರವನ್ನೂ ಸೇರಿತು. ಇಳುವರಿ ಮಾತ್ರ ಕಡಿಮೆ, ಅಕ್ಕಿಯ ಗುಣವೂ ಅಷ್ಟಕ್ಕಷ್ಟೆ. ಬೇರೆ ತಳಿಗಳೊಡನೆ ಸಂಕರ ಮಾಡಿದಾಗ ಬೇಕಾದ ಗುಣದ ಜೊತೆ ಬೇಡವಾದವೂ ಬಂದವು. ಅಂಥ ಭತ್ತವನ್ನು ರೈತರು ಒಪ್ಪಲಿಲ್ಲ. ಅವರು ಒಪ್ಪದಿದ್ದುದು ಸರಿಯೇ. ಗದ್ದೆ ಪ್ರತಿ ವರ್ಷ ಮುಳುಗುವುದಿಲ್ಲ, ಊಟ ಪ್ರತಿ ದಿನ ಬೇಕು.

ಗುಟ್ಟು ಬಿಡಿಸಲು ವರ್ಷಗಳೇ ಹಿಡಿದವು. 1996ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕೆನಾಂಗ್ ಷು ಮತ್ತು ಡೇವಿಡ್ ಮ್ಯಾಕಿಲ್, ಈ ಗುಣದ ಬಹುಪಾಲು 9ನೇ ವರ್ಣತಂತುವಿನ ಒಂದೇ ಜಾಗದಲ್ಲಿ ಅಡಗಿದೆ ಎಂದು ತೋರಿಸಿದರು. ಪಮೇಲಾ ರೊನಾಲ್ಡ್ ಮತ್ತು ಜೂಲಿಯಾ ಬೈಲಿ-ಸೆರೆಸ್ ಅವರೊಡನೆ ನಡೆದ ಮುಂದಿನ ಹುಡುಕಾಟ ಸಬ್1ಎ ಎಂಬ ವಂಶವಾಹಿಯ ಹೆಸರಿನೊಂದಿಗೆ 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಗದ್ದೆ ಮುಳುಗಿದಾಗ ಗಿಡದಲ್ಲಿ ಹುಟ್ಟುವ ಎಥಿಲೀನ್ ಅನಿಲ ಹೊರಹೋಗಲಾಗದೆ ಒಳಗೇ ಶೇಖರವಾಗುತ್ತದೆ. ಸಾಮಾನ್ಯ ಭತ್ತ ಆಗ ಗಾಳಿ ಹುಡುಕಿ ಮೇಲೇರಲು ಹೆಣಗುತ್ತದೆ. ಎಲೆ ನೀಳವಾಗುತ್ತ ಹೋಗುತ್ತದೆ, ಕೂಡಿಟ್ಟ ಪಿಷ್ಟವೆಲ್ಲ ಅದಕ್ಕೇ ಖರ್ಚಾಗುತ್ತದೆ. ನೀರಿಳಿದಾಗ ಬಿಳಿಚಿಕೊಂಡ ಆ ಪೈರು ನಿಲ್ಲುವ ತ್ರಾಣವಿಲ್ಲದೆ ಕೆಸರಿಗೆ ಅಂಟಿ ಕೊಳೆಯುತ್ತದೆ. ಸಬ್1ಎ ಇರುವ ಗಿಡ ಅದೇ ಎಥಿಲೀನ್‌ಗೆ ಬೇರೆ ರೀತಿ ಓಗೊಡುತ್ತದೆ. ಉದ್ದ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನಿನ ಪ್ರಭಾವಕ್ಕೆ ತಡೆ ಬೀಳುತ್ತದೆ. ಕಣಜದ ಕಾಳು ಮುಟ್ಟದೆ ಬರಗಾಲ ಕಳೆಯುವ ಮನೆಯಂತೆ ಗಿಡ ಕುಳ್ಳಗೇ ಉಳಿದು, ನೀರಿಳಿದ ಮೇಲೆ ಬುಡದಿಂದ ಹೊಸ ಎಲೆ ಹೊರಡಿಸುತ್ತದೆ. ಆಳನೀರಿನ ಭತ್ತದ ದಾರಿ ಇದಕ್ಕೆ ತದ್ವಿರುದ್ಧ: ಅದು ದಿನಕ್ಕೆ 25 ಸೆಂ.ಮೀ.ವರೆಗೂ ಬೆಳೆದು ತಲೆ ಎತ್ತುತ್ತದೆ. ಆ ಓಟದ ವಂಶವಾಹಿಗಳನ್ನು 2009ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದಾಗ, ಅವೂ ಸಬ್1ಎ ಕುಟುಂಬದವೇ ಎಂದು ತಿಳಿಯಿತು.

ಇನ್ನು ಬೇಕಿದ್ದುದು ರೈತರು ಮೆಚ್ಚಿದ ತಳಿ. ಆಂಧ್ರದ ಮಾರುಟೇರಿನಲ್ಲಿ ರೂಪುಗೊಂಡ ಸ್ವರ್ಣ ಪೂರ್ವ ಭಾರತದಲ್ಲೆಲ್ಲ ಹಬ್ಬಿತ್ತು. ವಿಜ್ಞಾನಿಗಳು ಅದಕ್ಕೆ ಈ ಗುಣ ಕೂಡಿಸಿ, ಹುಟ್ಟಿದ ಸಸಿಗಳನ್ನು ಮತ್ತೆ ಮತ್ತೆ ಸ್ವರ್ಣದೊಡನೆಯೇ ಸಂಕರ ಮಾಡಿದರು. ಪ್ರತಿ ಸುತ್ತಿನಲ್ಲೂ ಎಲೆಯ ಡಿಎನ್‌ಎ ಪರೀಕ್ಷಿಸಿ ಬೇಕಾದ ತುಣುಕಿರುವ ಸಸಿಯನ್ನಷ್ಟೇ ಉಳಿಸಿಕೊಂಡರು. ಇದು ಕುಲಾಂತರಿಯಲ್ಲ, ಸಾಂಪ್ರದಾಯಿಕ ಸಂಕರಣವೇ. ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2013ರಲ್ಲಿ ಪ್ರಕಟವಾದ ಅಧ್ಯಯನ. ಒಡಿಶಾದ 128 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ, ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಹೊಸ ತಳಿ ಸ್ವರ್ಣಕ್ಕಿಂತ ಸುಮಾರು ಶೇ 45 ಹೆಚ್ಚು ಇಳುವರಿ ಕೊಟ್ಟಿತು. ಸುಲಭವಾಗಿ ಮುಳುಗುವ ತಗ್ಗು ಗದ್ದೆಗಳು ಹೆಚ್ಚಾಗಿ ಪರಿಶಿಷ್ಟ ಜಾತಿಯವರ ಪಾಲಿಗೆ ಬಂದಿದ್ದವು. ಹಾಗಾಗಿ ಲಾಭದ ದೊಡ್ಡ ಪಾಲೂ ಅವರಿಗೇ ಸಲ್ಲುವಂತಿತ್ತು. ಕೃಷಿ ವಿಜ್ಞಾನದ ಫಲ ಮೊದಲು ಮೇಲುಗದ್ದೆಗೆ, ಹಣವಿದ್ದವರಿಗೆ ಹೋಗುವುದೇ ರೂಢಿಯಾಗಿರುವಾಗ ಇದು ಸಣ್ಣ ಮಾತಲ್ಲ. ಧುಲ್ಲಾಪುಟಿಯಾವನ್ನು ಕಾಪಾಡಿದ ರೈತರನ್ನು, ನಮ್ಮ ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತವನ್ನು ಉಳಿಸಿದವರನ್ನು ಸಂಶೋಧಕರೆಂದೇ ಕರೆಯಬೇಕು.

ಸಬ್1ಎ ಎಲ್ಲ ನೆರೆಗೂ ಮದ್ದಲ್ಲ. ಬಿತ್ತಿದ ಬೆನ್ನಿಗೇ ಮಳೆ ಹೊಯ್ದು ಬೀಜ ನೀರಡಿ ಸಿಕ್ಕರೆ ಅದು ಕೆಲಸಕ್ಕೆ ಬಾರದು. ಅದಕ್ಕೆ ಉತ್ತರ ಮ್ಯಾನ್ಮಾರ್‌ನ ಖಾವೊ ಹ್ಲಾನ್ ಆನ್ ಎಂಬ ತಳಿಯಲ್ಲಿ ಸಿಕ್ಕಿದೆ. 2015ರಲ್ಲಿ ಗುರುತಿಸಿದ ಅದರ ವಂಶವಾಹಿ, ಬೀಜದ ಪಿಷ್ಟವನ್ನು ಬೇಗ ಸಕ್ಕರೆಯಾಗಿಸಿ ಮೊಳಕೆಯನ್ನು ನೀರಿನಿಂದ ಮೇಲಕ್ಕೆ ತಳ್ಳಲು ನೆರವಾಗುತ್ತದೆ. ಒಂದು ಬೆಳೆಯಲು ಹೇಳುತ್ತದೆ, ಇನ್ನೊಂದು ನಿಲ್ಲಲು. ಎರಡನ್ನೂ ಒಂದೇ ಭತ್ತದಲ್ಲಿ ಕೂಡಿಸಿ, ಮೊಳಕೆಗೆ ಒಂದು, ಪೈರಿಗೆ ಇನ್ನೊಂದು ಒದಗುವಂತೆ ಮಾಡುವ ಪ್ರಯತ್ನವನ್ನು ತಳಿವಿಜ್ಞಾನಿಗಳು ಕೈಗೆತ್ತಿಕೊಂಡಿದ್ದಾರೆ.