ಹವಾ ಹಿಡಿದಿಡುವ ಕಸುಬು

ಕುರ್ತಕೋಟಿ ಎಂದೊಡನೆ ಸಾಹಿತ್ಯ ಓದುವವರಿಗೆ ನೆನಪಾಗುವುದು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಹೆಸರು. ಒಕ್ಕಲುತನದವರಿಗೆ ಇದು ಗದಗ ತಾಲ್ಲೂಕಿನ ಎರಿ ಹೊಲದ ಊರು. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಬೆಳೆದದ್ದು ಗದಗಿನ ಎಪಿಎಂಸಿ ಮುಟ್ಟಬೇಕಾದರೆ ಟ್ರ್ಯಾಕ್ಟರಿನ ಟ್ರೇಲರ್ ಉರುಳಬೇಕು, ಟ್ರೇಲರ್ ಉರುಳಬೇಕಾದರೆ ಟೈರಿನಲ್ಲಿ ಹವಾ ನಿಲ್ಲಬೇಕು. ಆದ್ದರಿಂದಲೇ ಈ ಸೀಮೆಯ ಪಂಕ್ಚರ್ ಅಂಗಡಿ ಒಕ್ಕಲುತನದ ಒಂದು ಅಂಗ. ಸುಗ್ಗಿಯ ದಿನಗಳಲ್ಲಿ ಅಂಗಡಿಯ ಮುಂದಿನ ಕಂಪ್ರೆಸರ್ ಕೆಟ್ಟು ನಿಂತರೆ ಹೇರಿದ ಮಾಲು ರಸ್ತೆಯ ಮೇಲೆಯೇ ಕಾಯುತ್ತದೆ.

ಹವಾ ಹಾಕಿಸಿಕೊಳ್ಳಲು ಬಂದವರು ನೋಡುವುದು ಪೈಪನ್ನು, ಮೀಟರಿನ ಮುಳ್ಳನ್ನು. ಆ ಎರಡರ ನಡುವೆ ಅಂಗೈಯಗಲದ ಒಂದು ಲೋಹದ ತುಂಡಿದೆ. ಅದೇ ಮ್ಯಾನಿಫೋಲ್ಡ್. ಟ್ಯಾಂಕಿನಿಂದ ಬಂದ ಹವಾ ಇಲ್ಲಿಯೇ ಕವಲೊಡೆಯುತ್ತದೆ: ಒಂದು ಬಾಯಿಗೆ ಪ್ರೆಶರ್ ಸ್ವಿಚ್, ಒಂದಕ್ಕೆ ಸೇಫ್ಟಿ ವಾಲ್ವ್, ಒಂದಕ್ಕೆ ಮೀಟರ್, ಕೊನೆಯದಕ್ಕೆ ರೆಗ್ಯುಲೇಟರ್. ಈ ತುಂಡನ್ನೂ ರೆಗ್ಯುಲೇಟರನ್ನೂ ಸರಿಯಾಗಿ ಬದಲಿಸಬಲ್ಲ ಮಿಸ್ತ್ರಿಯ ಕೆಲಸವನ್ನು ನಾವು ಬರೀ ‘ರಿಪೇರಿ’ ಎಂದು ಕರೆದು ಸುಮ್ಮನಾಗುತ್ತೇವೆ. ಅದರೊಳಗೆ ಎಷ್ಟು ವಿದ್ಯೆಯಿದೆ, ಎಷ್ಟು ಹೊಣೆಯಿದೆ ಎಂಬುದನ್ನು ಹೇಳಬೇಕೆಂದೇ ಈ ಲೇಖನ.

ಹೊಣೆ ಎಂದದ್ದಕ್ಕೆ ಒಂದು ಸರಳ ಲೆಕ್ಕವಿದೆ. ಟ್ಯಾಂಕಿನ ಪಕ್ಕದ ಮುಚ್ಚಳ 30 ಸೆಂಟಿಮೀಟರ್ ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 700 ಚದರ ಸೆಂಟಿಮೀಟರ್. ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ 10 ಕೆ.ಜಿ. ಒತ್ತಡವಿದ್ದಾಗ ಆ ಮುಚ್ಚಳವೊಂದನ್ನೇ ಹೊರಗೆ ತಳ್ಳುತ್ತಿರುವ ಬಲ 7 ಟನ್. ಬೈಕಿನ ಟೈರಿಗೆ ಬೇಕಾದದ್ದು ಚದರ ಇಂಚಿಗೆ 30 ಪೌಂಡಿನ ಆಸುಪಾಸು, ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿಗೆ ಅದಕ್ಕಿಂತಲೂ ಕಡಿಮೆ. ಟ್ಯಾಂಕಿನಲ್ಲಿರುವ ಆ 10 ಕೆ.ಜಿ. ಎಂದರೆ ಸುಮಾರು 140 ಪೌಂಡು. ಇಷ್ಟು ಹವಾವನ್ನು ಪಳಗಿಸಿ, ಬೇಕಾದಷ್ಟನ್ನೇ ಹೊರಗೆ ಬಿಡುವುದು ರೆಗ್ಯುಲೇಟರಿನ ಕೆಲಸ. ಗುಬ್ಬಿಯನ್ನು ಬಲಕ್ಕೆ ತಿರುವಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ ರಬ್ಬರಿನ ಪೊರೆಯನ್ನು ಒತ್ತುತ್ತದೆ, ಪೊರೆ ವಾಲ್ವನ್ನು ತೆರೆಯುತ್ತದೆ. ಆಚೆ ಕಡೆ ತುಂಬುತ್ತ ಬಂದ ಹವಾ ಅದೇ ಪೊರೆಯನ್ನು ಹಿಂದಕ್ಕೆ ನೂಕುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ. ಕರೆಂಟಿಲ್ಲ, ತಂತಿಯಿಲ್ಲ, ಸ್ಪ್ರಿಂಗಿಗೂ ಹವಾಕ್ಕೂ ನಡೆಯುವ ಈ ಜಗ್ಗಾಟದಲ್ಲೇ ಅಳತೆ ನಿಲ್ಲುತ್ತದೆ. ಇಷ್ಟು ಚಿಕ್ಕ ಸಾಧನದಲ್ಲಿ ಇಷ್ಟು ಜಾಣತನ ಅಡಗಿದೆಯಲ್ಲ ಎಂದು ನನಗೆ ಇಂದಿಗೂ ಬೆರಗು.

ಪೊರೆ ಹರಿದರೆ ಗುಬ್ಬಿಯ ಬುಡದ ಸಣ್ಣ ತೂತಿನಿಂದ ಹವಾ ಸುಸ್ಸೆನ್ನತೊಡಗುತ್ತದೆ. ಇದು ಕಿವಿಗೆ ಕೇಳುವ ರೋಗ. ಕೇಳದ ರೋಗ ಇನ್ನೂ ಕೆಟ್ಟದ್ದು: ವಾಲ್ವ್ ಕೂರುವ ಜಾಗದಲ್ಲಿ ತುಕ್ಕಿನ ಹರಳೊಂದು ಸಿಕ್ಕಿಕೊಂಡರೆ 30ಕ್ಕೆ ಇಟ್ಟ ಮುಳ್ಳು ನೋಡನೋಡುತ್ತ 60ಕ್ಕೆ ಏರುತ್ತದೆ. ಮ್ಯಾನಿಫೋಲ್ಡ್ ಬಿರುಕು ಬಿಟ್ಟದ್ದು ಗೊತ್ತಾಗುವುದು ಬೇರೆ ರೀತಿಯಲ್ಲಿ. ಯಾರೂ ಹವಾ ಬಳಸದಿದ್ದರೂ ಮುಳ್ಳು ಇಳಿಯುತ್ತದೆ, ಮೋಟರು ತಾನಾಗಿಯೇ ಮತ್ತೆ ಮತ್ತೆ ಚಾಲೂ ಆಗುತ್ತದೆ.

ಇಲ್ಲಿಯೇ ಅನುಭವಿ ಮಿಸ್ತ್ರಿ ಬೇರೆಯಾಗಿ ನಿಲ್ಲುವುದು. ಮೋಟರು ನಿಂತಾಗ ಪ್ರೆಶರ್ ಸ್ವಿಚ್ಚಿನ ಕೆಳಗಿಂದ ಒಮ್ಮೆ ‘ಟುಸ್’ ಎಂದು ಹವಾ ಹೋಗುವುದು ಸಹಜ. ಮುಂದಿನ ಸಲ ಮೋಟರು ಹಗುರಾಗಿ ಶುರುವಾಗಲೆಂದು ಆ ಏರ್ಪಾಡು. ಆದರೆ ಆ ಸದ್ದು ನಿಲ್ಲದೆ ನಡೆದೇ ಇದ್ದರೆ ದೋಷ ಇರುವುದು ಮ್ಯಾನಿಫೋಲ್ಡಿನಲ್ಲಲ್ಲ, ಟ್ಯಾಂಕಿನ ಬಾಯಲ್ಲಿ ಹವಾ ಹಿಂದಕ್ಕೆ ಬಾರದಂತೆ ತಡೆಯುವ ಎನ್‌ಆರ್‌ವಿಯಲ್ಲಿ. ಇದು ತಿಳಿಯದವರು ಚೆನ್ನಾಗಿದ್ದ ಮ್ಯಾನಿಫೋಲ್ಡನ್ನು ಕಿತ್ತು ಹೊಸದು ಹಾಕುತ್ತಾರೆ. ಸೋರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಬಲ್ಲವರು ಪಾನಾಕ್ಕೆ ಕೈ ಹಾಕುವ ಮೊದಲು ಸಾಬೂನಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಾರೆ.

ಬಿರುಕಿಗೆ ಎಂ-ಸೀಲ್ ಮೆತ್ತಿ ವಾರ ದೂಡುವ ರೂಢಿ ನಮ್ಮಲ್ಲಿದೆ. ಇದು ಬೇಡವೇ ಬೇಡ. ಸಣ್ಣ ಕಂಪ್ರೆಸರುಗಳ ಮ್ಯಾನಿಫೋಲ್ಡ್ ಹೆಚ್ಚಾಗಿ ಹಗುರ ಲೋಹದ ಎರಕ. ಮೋಟರಿನ ನಡುಕ, ಜೋತಾಡುವ ಪೈಪಿನ ಭಾರ, ಅವಸರದಲ್ಲಿ ಪೈಪು ಜಗ್ಗುವ ಕೈಗಳು ಎಲ್ಲ ಸೇರಿ ಅದನ್ನು ಸೀಳುತ್ತವೆ. ಮೆತ್ತಿದ ಮೇಣ ಆ ಸೀಳನ್ನು ಕಣ್ಣಿಂದ ಮರೆ ಮಾಡುತ್ತದೆ, ಬೆಳೆಯುವುದನ್ನು ತಡೆಯುವುದಿಲ್ಲ. ಸೇಫ್ಟಿ ವಾಲ್ವ್ ಕೂತಿರುವುದೂ ಅದೇ ತುಂಡಿನ ಮೇಲೆ ಎಂಬುದನ್ನು ಮರೆಯಬಾರದು. ದೊಡ್ಡ ಕಾರ್ಖಾನೆಗಳಲ್ಲಿ ಒತ್ತಡದ ಪಾತ್ರೆಗಳ ತಪಾಸಣೆಗೆ ಕಾನೂನಿದೆ. ಒಬ್ಬಿಬ್ಬರು ನಡೆಸುವ ಅಂಗಡಿಯ ಬಾಗಿಲಿಗೆ ತಪಾಸಕರು ಬರುವುದಿಲ್ಲ. ಅಲ್ಲಿ ಮಿಸ್ತ್ರಿಯ ಕಣ್ಣೇ ತಪಾಸಣೆ.

ಕೆಲಸದ ಕ್ರಮ ಹೀಗೆ. ಮೊದಲು ಪ್ಲಗ್ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ತಳದ ಡ್ರೇನ್ ಕಾಕ್ ತೆರೆದು ಟ್ಯಾಂಕು ಪೂರ್ತಿ ಬರಿದಾಗಲು ಬಿಡಬೇಕು. ಮುಳ್ಳು ಸೊನ್ನೆಗೆ ಬಂದರೂ ಅದನ್ನಷ್ಟೇ ನಂಬದೆ ಸೇಫ್ಟಿ ವಾಲ್ವಿನ ಉಂಗುರ ಜಗ್ಗಿ ನೋಡಬೇಕು, ಕೆಟ್ಟ ಮೀಟರೂ ಸೊನ್ನೆಯನ್ನೇ ತೋರಿಸೀತು. ವೈರುಗಳನ್ನು ಬಿಚ್ಚುವ ಮೊದಲು ಯಾವುದು ಎಲ್ಲಿಗೆಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಈಗಿನ ಹುಡುಗರ ಒಳ್ಳೆಯ ರೂಢಿ. ಬಿಚ್ಚುವಾಗ ಎರಡು ಪಾನಾ ಬೇಕು: ಒಂದು ತಿರುವಲು, ಇನ್ನೊಂದು ಟ್ಯಾಂಕಿನ ನಿಪ್ಪಲ್ ತಿರುಗದಂತೆ ಹಿಡಿಯಲು.

ಬದಲಿ ಭಾಗ ತರಲು ಗದಗ ಇಲ್ಲವೇ ಹುಬ್ಬಳ್ಳಿಗೆ ಹೋಗುವಾಗ ಹಳೆಯದನ್ನು ಜೊತೆಗೊಯ್ಯುವುದು ಜಾಣತನ, ಏಕೆಂದರೆ ತೊಡಕು ಇರುವುದು ಆಟೆಯಲ್ಲಿ, ಅಂದರೆ ತಿರುಪಿನ ಸುತ್ತುಗಳಲ್ಲಿ. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಅಳತೆಯ ಬಿಎಸ್‌ಪಿ ಆಟೆ. ಕಾಲು ಇಂಚಿನದರಲ್ಲಿ ಇಂಚಿಗೆ 19 ಸುತ್ತು. ಆನ್‌ಲೈನಿನಲ್ಲಿ ತರಿಸಿದ ಅಮೆರಿಕನ್ ಅಳತೆಯ ಎನ್‌ಪಿಟಿಯಲ್ಲಿ 18. ಕಣ್ಣಿಗೆ ಎರಡೂ ಒಂದೇ. ಕೂಡಿಸಿದರೆ ಎರಡು ಸುತ್ತು ಹೋಗಿ ಬಿಗಿಯುತ್ತದೆ. ಬಲ ಹಾಕಿದರೆ ಹೊಸ ಮ್ಯಾನಿಫೋಲ್ಡಿನ ಆಟೆ ಅಲ್ಲಿಯೇ ಕಿತ್ತುಹೋಗುತ್ತದೆ. ಅರ್ಧ ಇಂಚಿನದು ಇನ್ನೂ ಮೋಸದ್ದು: ಎರಡರಲ್ಲೂ ಇಂಚಿಗೆ 14 ಸುತ್ತೇ, ಆದರೆ ಹಲ್ಲಿನ ಕೋನ ಒಂದರದು 55 ಡಿಗ್ರಿ, ಇನ್ನೊಂದರದು 60. ಬಿಗಿಯಾದಂತೆ ಕಾಣುತ್ತದೆ, ಹವಾ ಮಾತ್ರ ನಿಲ್ಲುವುದಿಲ್ಲ.

ಟೆಫ್ಲಾನ್ ಟೇಪನ್ನು ಆಟೆ ತಿರುಗುವ ದಿಕ್ಕಿನಲ್ಲೇ ಮೂರ್ನಾಲ್ಕು ಸುತ್ತು ಸುತ್ತಬೇಕು. ಮೊದಲ ಹಲ್ಲನ್ನು ಬರಿದಾಗಿ ಬಿಡಬೇಕು, ಟೇಪಿನ ಚೂರು ರೆಗ್ಯುಲೇಟರಿನ ವಾಲ್ವಿಗೆ ಹೋಗಿ ಸಿಕ್ಕಬಾರದು. ರೆಗ್ಯುಲೇಟರಿನ ಮೈಮೇಲೆ ಬಾಣದ ಗುರುತಿರುತ್ತದೆ, ಹವಾ ಹರಿಯುವ ದಿಕ್ಕು ಅದು; ತಿರುಗುಮುರುಗಾಗಿ ಕೂಡಿಸಿದರೆ ಅದು ಕೆಲಸ ಮಾಡುವುದಿಲ್ಲ. ಎಲ್ಲ ಕೂಡಿಸಿದ ಮೇಲೆ ಗುಬ್ಬಿಯನ್ನು ಪೂರ್ತಿ ಎಡಕ್ಕೆ ತಿರುವಿ ಸಡಿಲಿಸಿ, 2 ಕೆ.ಜಿ. ಒತ್ತಡದಲ್ಲಿ ಮೊದಲ ನೊರೆ ಪರೀಕ್ಷೆ. ಅದು ಗೆದ್ದರೆ ಪೂರ್ಣ ಒತ್ತಡದಲ್ಲಿ ಇನ್ನೊಮ್ಮೆ. ಸೋರುವ ಕೂಡುಜಾಗವನ್ನು ಹವಾ ಇದ್ದಂತೆಯೇ ಬಿಗಿಯಲು ಹೋಗಬಾರದು, ಮತ್ತೆ ಬರಿದು ಮಾಡಿಯೇ ಬಿಗಿಯಬೇಕು.

ಈ ಕಸುಬಿಗೂ ನಮ್ಮ ಭಾಗಕ್ಕೂ ಹಳೆಯ ನಂಟಿದೆ. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಹವಾ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅದೇ ವರ್ಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆ ಅಂಗಡಿಯಿಂದ ಬೆಳೆದ ಮನೆತನದ ಉದ್ಯಮ 1958ರಲ್ಲಿ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಂಪನಿಯನ್ನು ಕಟ್ಟಿ ಕಂಪ್ರೆಸರ್ ತಯಾರಿಕೆಗೂ ಬಂತು.

ಎರಿ ಮಣ್ಣಿನ ಸೀಮೆಯಲ್ಲಿ ಧೂಳು ಕಂಪ್ರೆಸರಿನ ದೊಡ್ಡ ವೈರಿ. ಟ್ರ್ಯಾಕ್ಟರಿನ ಏರ್ ಫಿಲ್ಟರನ್ನು ಊದಿ ಚೊಕ್ಕ ಮಾಡುವುದು ಇದೇ ಕಂಪ್ರೆಸರ್. ಹಾರಿದ ಧೂಳನ್ನು ಎಳೆದುಕೊಳ್ಳುವುದೂ ಇದೇ. ಹೀಗಾಗಿ ಊದುವ ಜಾಗ ಅದರ ಬಾಯಿಂದ ದೂರವಿರಬೇಕು. ಇನ್ನೊಂದು ವೈರಿ ನೀರು. ಹವಾ ಒತ್ತಿದಾಗ ಅದರೊಳಗಿನ ಪಸೆ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ದಿನಾ ಸಂಜೆ ಡ್ರೇನ್ ಕಾಕ್ ಬಿಚ್ಚದಿದ್ದರೆ ಟ್ಯಾಂಕನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ, ಆ ತುಕ್ಕೇ ಹೊಸ ರೆಗ್ಯುಲೇಟರನ್ನೂ ಕೆಡಿಸುತ್ತದೆ.

ಮ್ಯಾನಿಫೋಲ್ಡ್ ಬದಲಿಸಲು ಟ್ಯಾಂಕು ಬರಿದಾದಾಗಲೇ ತಳವನ್ನು ತಟ್ಟಿ, ಟಾರ್ಚ್ ಬಿಟ್ಟು ನೋಡುವ ಮಿಸ್ತ್ರಿಗಳಿದ್ದಾರೆ. ಅಂಥವರ ಮಾತು ಕೇಳಬೇಕು. ಅನುಮಾನವಿದ್ದರೆ ಟ್ಯಾಂಕಿಗೆ ನೀರು ತುಂಬಿ, ಬಳಸುವ ಒತ್ತಡದ ಒಂದೂವರೆ ಪಟ್ಟು ಏರಿಸಿ ಪರೀಕ್ಷಿಸುವ ಕ್ರಮವಿದೆ. ನೀರು ಹವಾದಂತೆ ಕುಗ್ಗುವುದಿಲ್ಲ. ಟ್ಯಾಂಕು ಬಿರಿದರೂ ಸಿಡಿಯದೆ ಸೋರುತ್ತದೆ. ತಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಅದಕ್ಕೆ ವೆಲ್ಡಿಂಗ್ ಮಾಡಿಸಬಾರದು, ಸುತ್ತಲಿನ ತಗಡು ಆಗಲೇ ತೆಳುವಾಗಿರುತ್ತದೆ. ಅಂಥ ಟ್ಯಾಂಕನ್ನು ಗುಜರಿಗೆ ಹಾಕುವಾಗ ಡ್ರಿಲ್ಲಿನಿಂದ ದೊಡ್ಡದೊಂದು ತೂತು ಕೊರೆದೇ ಕೊಡಬೇಕು. ಬಣ್ಣ ಬಳಿಸಿಕೊಂಡು ಅದು ಇನ್ನೊಂದು ಊರಿನ ಅಂಗಡಿಗೆ ಹೋಗಬಾರದು.