ಟೈಲ್ಸ್ ನೆಲದ ದೊಡ್ಡ ಹಾಲ್‌ಗೆ ಎಂಥ ಸ್ಪೀಕರ್ ಬೇಕು?

ಹೊಸ ಮನೆಗೆ ಸಾಮಾನು ಬರುವ ಮುಂಚೆ ಹಾಲ್‌ನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲಿಗೇ ಮುಗಿಯುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ಟರ್ರ್ ಎಂದು ಓಡಾಡಿ, ಆಮೇಲೆ ನಿಧಾನಕ್ಕೆ ಅಡಗುತ್ತದೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್, ಗೋಡೆಗೆ ಪುಟ್ಟಿ ಬಳಿದು ನುಣ್ಣನೆ ಪೇಂಟ್, ಮೇಲೆ ಪಿಒಪಿ ಸೀಲಿಂಗ್, ಬಾಲ್ಕನಿ ಕಡೆಗೆ ಉದ್ದಕ್ಕೂ ಗಾಜು: ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಈಗ ಕಟ್ಟುವ ಮನೆಗಳ ಹಾಲ್‌ಗಳು ಬಹುತೇಕ ಹೀಗೇ ಇರುತ್ತವೆ. ಇಂಥ ಕಡೆ ಟಿವಿಯ ಎಡಬಲಕ್ಕೆ ಇಡಲು ಸ್ಪೀಕರ್ ಜೋಡಿ ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು “ಎಷ್ಟು ವಾಟ್?” ಎಂದು. ನನ್ನನ್ನು ಕೇಳಿದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಆ ಸ್ಪೀಕರ್ ಸದ್ದನ್ನು ಯಾವ ದಿಕ್ಕಿಗೆ ಎಷ್ಟು ಚೆಲ್ಲುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಕೋಣೆ ಸದ್ದನ್ನು ಏನು ಮಾಡುತ್ತದೆ ಎಂಬುದಕ್ಕೆ ಲೆಕ್ಕ ಹಾಕಿಕೊಟ್ಟವರು ಹಾರ್ವರ್ಡ್‌ನ ಭೌತವಿಜ್ಞಾನದ ಮೇಷ್ಟ್ರು ವಾಲೆಸ್ ಸಬೈನ್. ಅಲ್ಲಿನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಆಡಿದ ಒಂದು ಮಾತು 5 ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್‌ಗುಡುತ್ತಿತ್ತು. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಸಬೈನರ ಪಾಲಿಗೆ ಬಂತು. ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಸ್ಟಾಪ್‌ವಾಚ್ ಹಿಡಿದು ಅಳೆದರು. ಕೋಣೆ ದೊಡ್ಡದಾದಷ್ಟೂ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ, ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಅಡಗುತ್ತದೆ ಎಂಬ ಅವರ ಸೂತ್ರವನ್ನೇ ಎಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ. ಹೀರುವ ಶಕ್ತಿಗೆ ಅವರು ಹಿಡಿದ ಅಳತೆಗೋಲು ತೆರೆದ ಕಿಟಕಿ. ಅದರಿಂದ ಆಚೆ ಹೋದ ಸದ್ದು ವಾಪಸು ಬರುವುದಿಲ್ಲವಲ್ಲ.

ಈ ಅಳತೆಗೋಲಿನಿಂದ ನಮ್ಮ ತೊಟ್ಟಿ ಮನೆಗಳನ್ನು ನೋಡಬೇಕು. ಅಲ್ಲಿನ ರೆಡ್ ಆಕ್ಸೈಡ್ ನೆಲವೂ ಕಲ್ಲಿನಷ್ಟೇ ಗಟ್ಟಿ. ಆದರೂ ಜಗಲಿಯಲ್ಲಿ ಕೂತು ಆಡಿದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಏಕೆಂದರೆ ನಡುವಿನ ತೊಟ್ಟಿಗೆ ಸೂರೇ ಇರಲಿಲ್ಲ, ಉಳಿದ ಕಡೆಯೂ ಮಂಗಳೂರು ಹೆಂಚಿನ ಸಂದುಗಳಿಂದ ಸದ್ದು ಹೊರಗೆ ಹೋಗುತ್ತಿತ್ತು. ನಾವು ಗಟ್ಟಿ ನೆಲವನ್ನು ಹಾಗೇ ಉಳಿಸಿಕೊಂಡು ಆಕಾಶವನ್ನು ಮುಚ್ಚಿ ಸ್ಲ್ಯಾಬ್ ಹಾಕಿದೆವು.

24 ಅಡಿ ಉದ್ದ, 16 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಎಂದುಕೊಳ್ಳಿ. ಟೈಲ್ಸ್ ಮತ್ತು ಪೇಂಟ್ ಬಳಿದ ಗಾರೆ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡರಷ್ಟನ್ನು ಹೀರಿದರೆ ಹೆಚ್ಚು. ಸಬೈನ್ ಸೂತ್ರದಂತೆ ಖಾಲಿ ಕೋಣೆಯಲ್ಲಿ ಸದ್ದು ಪೂರ್ತಿ ಅಡಗಲು ಸುಮಾರು 6 ಸೆಕೆಂಡ್ ಬೇಕು. ಸೋಫಾ, ತೆಳು ಪರದೆ, ನಾಲ್ಕು ಜನ ಬಂದ ಮೇಲೆ ಅದು ಒಂದೂವರೆ ಸೆಕೆಂಡಿನ ಹತ್ತಿರಕ್ಕೆ ಇಳಿದೀತು. ಮನೆಯಲ್ಲಿ ಸಂಗೀತ ಚೆನ್ನಾಗಿ ಕೇಳಬೇಕಾದರೆ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಒಂದೂವರೆ ಸೆಕೆಂಡಿನ ಕೋಣೆಯಲ್ಲಿ ಹಾಡುಗಾರನ ಸ್ವರದ ಬಾಲ ಮುಂದಿನ ಅಕ್ಷರದ ಮೇಲೆ ಕೂರುತ್ತದೆ, ಸಾಹಿತ್ಯ ಕೇಳುವುದಿಲ್ಲ. ಸಿನಿಮಾದ ಮಾತು ತಿಳಿಯಲಿಲ್ಲವೆಂದು ವಾಲ್ಯೂಮ್ ಏರಿಸಿದರೆ ಗುಂಯ್‌ಗುಡುವಿಕೆಯೂ ಅಷ್ಟೇ ಏರುತ್ತದೆ. ಮನೆಮಂದಿಗೆಲ್ಲ ತಲೆನೋವು ಉಳಿಯುತ್ತದೆ.

ಇನ್ನು ಸ್ಪೀಕರಿಗೆ ಬರೋಣ. ಕೆಲವು ಸ್ಪೀಕರ್‌ಗಳು ಟ್ಯೂಬ್‌ಲೈಟಿನಂತೆ ಸುತ್ತಲೂ ಹರಡುತ್ತವೆ, ಕೆಲವು ಟಾರ್ಚಿನಂತೆ ಎದುರಿಗೆ ಬೀರುತ್ತವೆ. ಮೆತ್ತನೆ ಕಾರ್ಪೆಟ್ ಹಾಸಿದ ಚಿಕ್ಕ ಕೋಣೆಗೆ ಹರಡುವ ಬಗೆಯದು ಸೊಗಸು. ನಮ್ಮ ಹಾಲ್‌ನಲ್ಲಿ ಮಾತ್ರ ಪಕ್ಕಕ್ಕೆ, ಮೇಲಕ್ಕೆ ಚೆಲ್ಲಿದ್ದೆಲ್ಲ ಗಾಜಿಗೆ, ಸೂರಿಗೆ ತಾಗಿ ತಡವಾಗಿ ಕಿವಿಗೆ ಬರುತ್ತದೆ. ಸೋಫಾ 12 ಅಡಿ ದೂರವಿದ್ದರೆ ಕಿವಿ ಮುಟ್ಟುವ ಸದ್ದಿನಲ್ಲಿ ಸ್ಪೀಕರಿನಿಂದ ನೇರ ಬಂದದ್ದಕ್ಕಿಂತ ಹೀಗೆ ಬಡಿದು ಬಂದದ್ದೇ ಹೆಚ್ಚು. ಅದಕ್ಕೇ ನಾನು ಹೇಳುವುದು: ಟಾರ್ಚಿನಂತೆ ಎದುರಿಗೆ ಬೀರುವ ಬಗೆಯದನ್ನು, ಅಂದರೆ ಮೇಲಿನ ಸ್ವರ ನುಡಿಸುವ ಟ್ವೀಟರಿನ ಸುತ್ತ ತಟ್ಟೆಯಂತೆ ಒಳಕ್ಕೆ ಇಳಿದ ವೇವ್‌ಗೈಡ್ ಇರುವ ಸ್ಪೀಕರನ್ನೋ ಹಾರ್ನ್ ಇರುವುದನ್ನೋ ಮೊದಲು ಕೇಳಿ ನೋಡಿ. ಹಾರ್ನ್ ಹೊಸ ಸರಕಲ್ಲ. ಅಮೆರಿಕದ ಅರ್ಕಾನ್ಸಸ್‌ನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರುಕಟ್ಟೆಗೆ ತಂದ, ಕೋಣೆಯ ಮೂಲೆಯಲ್ಲಿ ಕೂರಿಸುವ ಕ್ಲಿಪ್ಶ್‌ಹಾರ್ನ್ ಇಂದಿಗೂ ತಯಾರಾಗುತ್ತಿದೆ.

ಸದ್ದನ್ನು ಕಡಿಮೆ ಹರಡಿದರೆ ಸಾಲದು, ಪಕ್ಕಕ್ಕೆ ಹೋದದ್ದೂ ಎದುರಿನದರ ಗುಣವನ್ನೇ ಹೊಂದಿರಬೇಕು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್ ಯಾವ ಕಂಪನಿಯ ಸ್ಪೀಕರ್ ಎಂದು ತಿಳಿಯದಂತೆ ಜನರಿಗೆ ಕೇಳಿಸಿ ಪರೀಕ್ಷಿಸಿದಾಗ, ಎದುರಿನಿಂದ ಸಮನಾಗಿ ನುಡಿಯುವ, ಓರೆಯಿಂದಲೂ ಏರುಪೇರಿಲ್ಲದೆ ನುಡಿಯುವ ಸ್ಪೀಕರುಗಳನ್ನೇ ಹೆಚ್ಚಿನವರು ಮೆಚ್ಚಿದರು. ಅಂಗಡಿಯಲ್ಲಿ ಇದನ್ನು ತಿಳಿಯಲು ಯಂತ್ರ ಬೇಡ. ಒಂದೇ ಸ್ಪೀಕರಿನಲ್ಲಿ ಒಬ್ಬರ ಮಾತು ಹಾಕಿಸಿ, ಅದರ ಎದುರಿನಿಂದ ಪಕ್ಕಕ್ಕೆ ಮೆಲ್ಲಗೆ ನಡೆಯಿರಿ. ದನಿ ಸಣ್ಣಗಾದರೆ ಅಡ್ಡಿಯಿಲ್ಲ. ದನಿಯ ಬಣ್ಣವೇ ಬದಲಾಗಿ ಕೊಡದೊಳಗಿಂದ ಬಂದಂತೆ ಕೇಳಿದರೆ ಅದು ನಿಮ್ಮ ಹಾಲ್‌ಗೆ ಬೇಡ.

ನೆಲದ್ದೇ ಆದ ಇನ್ನೊಂದು ಕಾಟವಿದೆ. ಕಿವಿಯೂ ಸ್ಪೀಕರಿನ ಮಧ್ಯ ಸ್ವರದ ಕೋನೂ ನೆಲದಿಂದ 3 ಅಡಿ ಎತ್ತರದಲ್ಲಿದ್ದು, ನಡುವೆ 10 ಅಡಿ ದೂರವಿದ್ದರೆ, ಟೈಲ್ಸಿಗೆ ತಾಗಿ ಬರುವ ಸದ್ದು ನೇರ ಸದ್ದಿಗಿಂತ ಸುಮಾರು 1 ಅಡಿ 8 ಅಂಗುಲ ಹೆಚ್ಚು ದಾರಿ ನಡೆಯುತ್ತದೆ. 340 ಹರ್ಟ್ಸ್ ಹತ್ತಿರ ಇವೆರಡೂ ಒಂದನ್ನೊಂದು ತಿಂದುಹಾಕುತ್ತವೆ. ಗಂಡಸಿನ ದನಿಯ ಮೈಕಟ್ಟು ಇರುವುದು ಆ ಆಸುಪಾಸಿನಲ್ಲೇ. ದನಿ ತೆಳ್ಳಗೆ ಕೇಳಲು ಇದೂ ಒಂದು ಕಾರಣ. ಇಷ್ಟು ಕೆಳಗಿನ ಸ್ವರಕ್ಕೆ ಕಾರ್ಪೆಟ್ ಏನೂ ಮಾಡಲಾರದು. ಕೆಳಗಿನ ಸ್ವರ ನುಡಿಸುವ ವೂಫರುಗಳು ನೆಲದ ಹತ್ತಿರವೇ ಇರುವ ತ್ರೀ-ವೇ ಟವರ್ ಸ್ಪೀಕರ್ ಮಾಡಬಲ್ಲದು. ನೆಲದಿಂದ 1 ಅಡಿ ಎತ್ತರದಲ್ಲಿರುವ ವೂಫರಿಗೆ ಆ ಕಡಿತ ಸಾವಿರ ಹರ್ಟ್ಸ್‌ನ ಹತ್ತಿರಕ್ಕೆ ಸರಿಯುತ್ತದೆ, ಅಷ್ಟರೊಳಗೆ ವೂಫರ್ ತನ್ನ ಪಾಲಿನ ಕೆಲಸವನ್ನು ಮೇಲಿನ ಕೋನಿಗೆ ಒಪ್ಪಿಸಿರುತ್ತದೆ. ದೊಡ್ಡ ಹಾಲ್‌ಗೆ ಬುಕ್‌ಶೆಲ್ಫ್ ಸ್ಪೀಕರಿಗಿಂತ ಟವರನ್ನೇ ನಾನು ಮುಂದಿಡುವುದು ಈ ಕಾರಣಕ್ಕೆ.

ಟವರೆಂದರೆ ಬಾಸ್ ಜಾಸ್ತಿ ಎಂದು ಹಿಗ್ಗುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಮನೆಗಳ ಗೋಡೆ ಹೆಚ್ಚಾಗಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದದ್ದು. ಬಾಸಿಗೆ ಅದು ಅದುರಿ ಒಂದಿಷ್ಟನ್ನು ಹೀರುತ್ತದೆ, ಒಂದಿಷ್ಟನ್ನು ಹೊರಗೆ ಬಿಡುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆ ಅಲುಗುವುದೇ ಇಲ್ಲ. ಬಾಸ್ ಒಳಗೇ ಸೆರೆ. ಮೇಲೆ ಹೇಳಿದ ಅಳತೆಯ ಹಾಲ್ ಸುಮಾರು 23, 35 ಮತ್ತು 56 ಹರ್ಟ್ಸ್‌ಗಳಲ್ಲಿ ತಾನೇ ಧಿಂ ಎಂದು ಮೊಳಗುತ್ತದೆ. ಅಮೆರಿಕದ ವಿಮರ್ಶೆ ಓದಿ “ಬಾಸ್ ಹದವಾಗಿದೆ” ಎಂದು ತಂದ ಸ್ಪೀಕರ್ ಇಲ್ಲಿ ಗುಡುಗುವುದುಂಟು. ಸ್ಪೀಕರಿನ ಹಿಂದೆ ಬಾಸ್ ಹೊರಬರುವ ತೂತಿಗೆ ತುರುಕುವ ಫೋಮ್ ಬಿರಡೆ ಪೆಟ್ಟಿಗೆಯಲ್ಲೇ ಬರುವ ಮಾದರಿಯಾದರೆ ಒಳ್ಳೆಯದು. ಹಿಂಗೋಡೆಯಿಂದ ಎರಡಡಿಯಾದರೂ ಮುಂದಕ್ಕೆ ಇಡಲು ಜಾಗ ಇರಲೇಬೇಕು. ಅಷ್ಟು ಜಾಗವಿಲ್ಲದವರು ಬುಕ್‌ಶೆಲ್ಫ್ ಜೋಡಿ ಕೊಂಡು 80 ಹರ್ಟ್ಸ್‌ನಿಂದ ಕೆಳಗಿನದನ್ನು ಸಬ್‌ವೂಫರಿಗೆ ಬಿಡಲಿ. ಸಬ್‌ವೂಫರನ್ನು ಬಾಸ್ ಹದವಾಗಿ ಕೇಳುವ ಜಾಗ ಹುಡುಕಿ ಇಡಬಹುದು.

ಈಗ ವಾಟ್. ತೊಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಡಬ್ಬದ ಮೇಲೆ ಸಾವಿರಗಟ್ಟಲೆ ಪಿಎಂಪಿಒ ವಾಟ್ ಎಂದು ಅಚ್ಚು ಹಾಕುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ಅಂಕಿಗೂ ನಿಜವಾದ ಶಕ್ತಿಗೂ ಸಂಬಂಧವಿರಲಿಲ್ಲ. ಸ್ಪೀಕರಿನ ವಿವರಪಟ್ಟಿಯಲ್ಲಿ ಸೆನ್ಸಿಟಿವಿಟಿ ಎಂಬ ಸಾಲು ನೋಡಿ. 85 ಡೆಸಿಬೆಲ್‌ನ ಸ್ಪೀಕರ್ 91 ಡೆಸಿಬೆಲ್‌ನದರಷ್ಟೇ ಜೋರಾಗಿ ನುಡಿಯಲು ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಕೊಡಬೇಕು. ದೊಡ್ಡ ಹಾಲ್, ದೂರದ ಸೋಫಾ, ಸಾಧಾರಣ ರಿಸೀವರ್ ಇರುವವರು 88ಕ್ಕಿಂತ ಕೆಳಗೆ ಇಳಿಯದಿರುವುದು ಮೇಲು.

ಬಜೆಟ್ಟಿನಲ್ಲಿ ಕೋಣೆಗೂ ಒಂದು ಪಾಲು ತೆಗೆದಿಡಿ, ಸ್ಪೀಕರ್ ಒಂದು ಮೆಟ್ಟಿಲು ಕೆಳಗಿನದಾದರೂ ಪರವಾಗಿಲ್ಲ. ನವಲಗುಂದದ ಜಮಖಾನ ನೋಡಲು ಚೆಂದ, ಆದರೆ ಹತ್ತಿಯ ಆ ತೆಳು ನೇಯ್ಗೆ ಒಂದೇ ಸದ್ದು ಹೀರಲು ಸಾಲದು. ಕೆಳಗೆ ದಪ್ಪ ಫೆಲ್ಟ್ ಹಾಸಿದರೆ ಕೆಲಸ ಮಾಡುತ್ತದೆ. ಸ್ಪೀಕರಿಗೂ ಸೋಫಾಕ್ಕೂ ನಡುವೆ 8 ಅಡಿಗೆ 10 ಅಡಿಯ ದಪ್ಪ ಉಣ್ಣೆ ಕಾರ್ಪೆಟ್, ಗಾಜಿಗೆ ಎರಡರಷ್ಟು ಅಗಲದ ಬಟ್ಟೆಯಲ್ಲಿ ನೆರಿಗೆ ಹಿಡಿದು ಹೊಲಿಸಿದ ಭಾರದ ಪರದೆ. ಇಷ್ಟಕ್ಕೇ ಆ ಒಂದೂವರೆ ಸೆಕೆಂಡ್ ಒಂದು ಸೆಕೆಂಡಿಗಿಂತ ಕೆಳಗೆ ಬರುತ್ತದೆ. ಪುಸ್ತಕ ತುಂಬಿದ ಕಪಾಟು ಹಿಂಗೋಡೆಗೆ ಬಂದರೆ ಇನ್ನೂ ಒಳ್ಳೆಯದು.

ಶೋರೂಮಿನ ಡೆಮೊ ಕೋಣೆಯಲ್ಲಿ ನೆಲಕ್ಕೂ ಗೋಡೆಗೂ ಮೆತ್ತೆ ಇರುತ್ತದೆ. ಅಲ್ಲಿ ಕೇಳಿದ್ದು ನಿಮ್ಮ ಮನೆಯಲ್ಲಿ ಕೇಳುವುದಿಲ್ಲ. ಮುಂಗಡ ಕೊಟ್ಟಾದರೂ ಎರಡು ಜೋಡಿಗಳನ್ನು ಮನೆಗೆ ತರಿಸಿ. ಟೈಲ್ಸ್ ಗೀಚದಂತೆ ಮೊಳೆಯ ಬದಲು ರಬ್ಬರ್ ಕಾಲು ಹಾಕಿಸಿ, ಎರಡನ್ನೂ ಸೋಫಾದ ಕಡೆಗೆ ತುಸು ತಿರುಗಿಸಿ ಇಡಿ. ಮಲ್ಲಿಕಾರ್ಜುನ ಮನಸೂರರ ಒಂದು ಖಯಾಲ್ ಹಾಕಿ: ದನಿಯ ಹಿಂದೆ ತಂಬೂರಿಯ ತಂತಿಗಳು ಒಂದೊಂದಾಗಿ ಬಿಡಿಸಿ ಕೇಳುತ್ತವೋ, ಒಂದೇ ಝೇಂಕಾರವಾಗಿ ಕಲಸಿಹೋಗುತ್ತವೋ ಗಮನಿಸಿ. ಆಮೇಲೆ ಸಿ. ಅಶ್ವಥ್ ಹಾಡಿದ ಯಾವುದಾದರೂ ಭಾವಗೀತೆ, ತಾರಸ್ಥಾಯಿಯಲ್ಲೂ ಪದ ಬಿಡಿಸಿ ಕೇಳಬೇಕು. ಕೊನೆಗೆ ಹತ್ತು ನಿಮಿಷ ವಾರ್ತೆ. ವಾಲ್ಯೂಮ್ ತಗ್ಗಿಸಿಟ್ಟೂ ಓದುವವರ ಒಂದೊಂದು ಮಾತು ತಿಳಿಯುವ ಜೋಡಿಯನ್ನು ಉಳಿಸಿಕೊಂಡು ಇನ್ನೊಂದನ್ನು ವಾಪಸು ಕಳಿಸಿ.