ಕಾದ ಕಾವಲಿಯ ಮೇಲೆ ಕಾಲು

ನಮ್ಮ ಶಾಲೆಯಲ್ಲಿ ತಡವಾಗಿ ಬಂದವರಿಗೆ ಕಪ್ಪೆ ಜಿಗಿತದ ಶಿಕ್ಷೆಯಿತ್ತು. ಕುಕ್ಕರುಗಾಲಲ್ಲಿ ಕೂತು, ಕಿವಿ ಹಿಡಿದು, ಮೈದಾನಕ್ಕೆ ಒಂದು ಸುತ್ತು. ವಾಲಿಬಾಲ್ ತಂಡದವರಿಗೆ ಅದೇ ಶಿಕ್ಷೆ ಪ್ರಾಕ್ಟೀಸ್ ಎಂಬ ಹೆಸರಿನಲ್ಲಿ ದಿನವೂ ಸಿಗುತ್ತಿತ್ತು. ತೊಡೆ ಉರಿದಷ್ಟೂ ಜಿಗಿತ ಹೆಚ್ಚುತ್ತದೆ ಎಂದು ಮೇಷ್ಟ್ರು ನಂಬಿದ್ದರು. ಮರುದಿನ ಹುಡುಗರು ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಸ್ಮ್ಯಾಶ್ ಮಾತ್ರ ಎಂದಿನಂತೆ ನೆಟ್ಟಿಗೇ ಬಡಿಯುತ್ತಿತ್ತು.

ಆ ಕಪ್ಪೆ ಜಿಗಿತದಲ್ಲಿ ತಪ್ಪಿದ್ದೆಲ್ಲಿ ಎಂದು ತಿಳಿಯಬೇಕಾದರೆ ಒಂದು ಪುಟ್ಟ ಪರೀಕ್ಷೆ ಮಾಡಿ. ಗೋಡೆ ಪಕ್ಕ ನಿಂತು, ಬೆರಳ ತುದಿಗೆ ಸೀಮೆಸುಣ್ಣ ಬಳಿದುಕೊಂಡು, ಕೈ ಎಟುಕುವಲ್ಲಿ ಒಂದು ಗುರುತು ಹಾಕಿ. ಆಮೇಲೆ ಮಂಡಿ ಮಡಚಿ ಮೂರು ಸೆಕೆಂಡು ಹಾಗೇ ಇದ್ದು ಜಿಗಿದು, ತುದಿಯಲ್ಲಿ ಗುರುತು ಹಾಕಿ. ಇನ್ನೊಮ್ಮೆ, ಈ ಸಲ ತಗ್ಗಿದ್ದೇ ತಡ ತಡೆಯದೆ ಮೇಲಕ್ಕೆ. ಎರಡನೆಯ ಗುರುತು ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಮೇಲಿರುತ್ತದೆ. ಗೋಡೆಯ ಮೇಲೆ ಹೀಗೆ ಜಿಗಿತ ಅಳೆಯುವುದನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಡಡ್ಲಿ ಸಾರ್ಜೆಂಟ್. 1921ರಲ್ಲಿ ಅವರು ಬರೆದ ಲೇಖನದಿಂದಾಗಿ ಅದಕ್ಕೆ ಇಂದಿಗೂ ಸಾರ್ಜೆಂಟ್ ಜಿಗಿತ ಎಂದೇ ಹೆಸರು.

ಕಾಲು ಅದೇ, ಬಲವೂ ಅದೇ. ವ್ಯತ್ಯಾಸವಿರುವುದು ಆ ತಡೆಯುವಿಕೆಯಲ್ಲಿ. ತಗ್ಗುವಾಗ ತೊಡೆ, ಮೀನಖಂಡಗಳ ಸ್ನಾಯುಗಳೂ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವೂ ಕವಣೆಯ ರಬ್ಬರಿನಂತೆ ಹಿಗ್ಗುತ್ತವೆ. ಹಿಗ್ಗಿದ ಸ್ನಾಯು ಬೆನ್ನುಹುರಿಗೆ ಸುದ್ದಿ ಮುಟ್ಟಿಸಿ, ಅಲ್ಲಿಂದಲೇ ಕುಗ್ಗುವ ಅಪ್ಪಣೆ ಪಡೆಯುತ್ತದೆ. ಆದರೆ ಕವಣೆಯ ರಬ್ಬರಿಗಿರುವ ತಾಳ್ಮೆ ಕಾಲಿಗಿಲ್ಲ. ಎಳೆದು ಹಿಡಿದುಕೊಂಡರೆ ಕೂಡಿಟ್ಟ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಈ ಲಾಭದಲ್ಲಿ ರಬ್ಬರಿನ ಪಾಲೆಷ್ಟು, ಸ್ನಾಯು ಮೊದಲೇ ಬಿಗಿಯಾಗಿ ಸಿದ್ಧವಾಗುವುದರ ಪಾಲೆಷ್ಟು ಎಂಬ ಜಗಳ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಮೈದಾನದಲ್ಲಿರುವವರಿಗೆ ಅದರ ಗೊಡವೆ ಬೇಡ. ನೆಲ ಮುಟ್ಟಿದ ಪಾದ ಎಷ್ಟು ಬೇಗ ನೆಲ ಬಿಡುತ್ತದೆ, ಅವರು ನೋಡಬೇಕಾದದ್ದು ಇಷ್ಟೇ. ಕಾದ ಕಾವಲಿಯ ಮೇಲೆ ಕಾಲಿಟ್ಟ ಹಾಗೆ. ಚುರುಕಾದ ಜಿಗಿತಗಳಲ್ಲಿ ಆ ಸ್ಪರ್ಶ ಕಾಲು ಸೆಕೆಂಡಿಗಿಂತ ಕಡಿಮೆ. ಕಪ್ಪೆಯಂತೆ ಪ್ರತಿ ಸಲವೂ ಕೂತು ಏಳುವವನು ಜಿಗಿತವನ್ನಲ್ಲ, ಬಸ್ಕಿಯನ್ನು ಕಲಿಯುತ್ತಿರುತ್ತಾನೆ.

ನೆಲ ಮುಟ್ಟಿದ ಕೂಡಲೇ ಪುಟಿಯುವ ಈ ಚುರುಕನ್ನು ಪದ್ಧತಿಯಾಗಿಸಿದವರು ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ. ಅವರು ಪಳಗಿಸುತ್ತಿದ್ದವರಲ್ಲಿ ತ್ರಿವಿಧ ಜಿಗಿತದವರಿದ್ದರು. ಆ ಸ್ಪರ್ಧೆಯಲ್ಲಿ ಒಂಟಿ ಕಾಲು ನೆಲಕ್ಕಪ್ಪಳಿಸುವಾಗ ಮೈತೂಕದ ಹತ್ತು ಪಟ್ಟಿಗೂ ಮಿಗಿಲಾದ ಬಲ ಬೀಳುತ್ತದೆ. ಅಷ್ಟು ಭಾರವನ್ನು ಬಾರ್ಬೆಲ್‌ನಲ್ಲಿ ಹೆಗಲಿಗೇರಿಸಿದರೆ ಬೆನ್ನು ಉಳಿಯುವುದುಂಟೇ? ಪೆಟ್ಟಿಗೆಯ ಮೇಲಿಂದ ಕೆಳಕ್ಕೆ ಹೆಜ್ಜೆಯಿಟ್ಟು, ನೆಲ ತಾಕಿದ ಕೂಡಲೇ ಮೇಲಕ್ಕೆ ನೆಗೆಯಿರಿ ಎಂದರು ಅವರು. ಭಾರ ಹೊರಿಸುವ ಕೆಲಸವನ್ನು ಭೂಮಿಗೇ ವಹಿಸಿದ ಹಾಗಾಯಿತು. 1960ರ ದಶಕದಲ್ಲಿ ಇದಕ್ಕೆ ಆಘಾತ ವಿಧಾನ ಎಂಬ ಹೆಸರು ಬಿತ್ತು. ಈಗ ಜಿಮ್ ಹುಡುಗರ ಬಾಯಲ್ಲಿ ‘ಪ್ಲಯೋ’ ಆಗಿರುವ ಪ್ಲಯೋಮೆಟ್ರಿಕ್ಸ್ ಎಂಬ ಪದ ಹುಟ್ಟಿದ್ದು ಅಮೆರಿಕದಲ್ಲಿ, 1975ರಲ್ಲಿ. ಹುಟ್ಟಿಸಿದವರು ಫ್ರೆಡ್ ವಿಲ್ಟ್. ಎರಡು ಒಲಿಂಪಿಕ್ಸ್‌ಗಳಲ್ಲಿ ಓಡಿದ ಈ ಮನುಷ್ಯ ಹೊಟ್ಟೆಪಾಡಿಗೆ ಎಫ್‌ಬಿಐ ಏಜೆಂಟ್. ರಷ್ಯನ್ನರ ಗುಟ್ಟಿಗೆ ಹೆಸರಿಡಲು ಇಂಥವರೇ ಬೇಕಿತ್ತೇನೋ!

ಫಲವೆಷ್ಟು? 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜಿಗಿತದ ಬಗೆಗೆ ತಕ್ಕಂತೆ ಸರಾಸರಿ ಶೇ 4.7ರಿಂದ 8.7ರಷ್ಟು ಹೆಚ್ಚಳ ಕಂಡಿತು. ಅರ್ಧ ಮೀಟರ್ ಜಿಗಿಯುವವನಿಗೆ ಎರಡರಿಂದ ನಾಲ್ಕು ಸೆಂಟಿಮೀಟರ್. ಇಷ್ಟೇನಾ ಎನ್ನಿಸಬಹುದು. ಆದರೆ ಪುರುಷರ ವಾಲಿಬಾಲ್ ನೆಟ್ 2.43 ಮೀಟರ್ ಎತ್ತರ, ಮಹಿಳೆಯರದ್ದು 2.24. ಅದರ ಮೇಲೆ ಬ್ಲಾಕರ್‌ನ ಬೆರಳಿಗೆ ತಾಗಿ ಹೊರಹೋಗುವ ಚೆಂಡಿಗೂ ಅಂಗೈಗೆ ಬಡಿದು ಎದುರಾಳಿಯ ಅಂಗಳಕ್ಕೇ ಬೀಳುವ ಚೆಂಡಿಗೂ ಇರುವ ಅಂತರ ಎರಡು ಬೆರಳಿನದು.

ಎಡವಟ್ಟಾಗುವುದು ಪ್ರಮಾಣದಲ್ಲಿ. ಆಘಾತ ಜಿಗಿತಗಳು ಒಂದು ದಿನಕ್ಕೆ 40 ದಾಟಬಾರದು, ವಾರಕ್ಕೆ ಎರಡು ದಿನ ಸಾಕು ಎಂದಿದ್ದರು ವೆರ್ಖೊಶಾನ್‌ಸ್ಕಿ, ಅದೂ ವರ್ಷಗಟ್ಟಲೆ ಪಳಗಿದವರಿಗೆ. ಅವರ ಪೆಟ್ಟಿಗೆಗಳು 75 ಸೆಂಟಿಮೀಟರ್‌ನಿಂದ ಶುರು. ಅದನ್ನು ನೋಡಿ ಕಾಲೇಜು ಹುಡುಗರು ಮೇಜು ಹತ್ತಬೇಕಿಲ್ಲ, ಮೊಣಕಾಲಿಗಿಂತ ತಗ್ಗಿನ ಪೆಟ್ಟಿಗೆ ಧಾರಾಳವಾಯಿತು. ಹೊಸಬರಿಗೆ ಹಗ್ಗದಾಟ, ಪಾದದ ಪುಟಿತ, ಕುಂಟೆಬಿಲ್ಲೆಯಂಥ ಕುಂಟುಗಳು, ಎಲ್ಲ ಸೇರಿ ದಿನಕ್ಕೆ 80ರಿಂದ 100 ಸಲ ಪಾದ ನೆಲ ಮುಟ್ಟಿದರೆ ಸಾಕು. ನಡುವೆ ಕನಿಷ್ಠ ಎರಡು ದಿನ ಬಿಡುವು. ವಾಲಿಬಾಲ್, ಬಾಸ್ಕೆಟ್‌ಬಾಲ್‌ನವರು ಆಟದಲ್ಲೇ ಹೇರಳವಾಗಿ ಜಿಗಿದಿರುತ್ತಾರೆ, ಆ ಲೆಕ್ಕವನ್ನೂ ಇದರಲ್ಲಿ ಕೂಡಬೇಕು. ಕೂಡುವವರು ಕಡಿಮೆ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಬೆಳಗಾಗುವತನಕ ಆಡಿದವನನ್ನು ಮರುಸಂಜೆಯೇ ಕಾಂಕ್ರೀಟಿನ ಮೇಲೆ ಹಾರಿಸಿದರೆ, ಮಂಡಿಚಿಪ್ಪಿನ ಕೆಳಗಿನ ರಜ್ಜು ಬೇಗನೇ ದೂರು ಹೇಳತೊಡಗುತ್ತದೆ.

ಹುಡುಗಿಯರ ತಂಡಗಳಲ್ಲಿ ಇಳಿಯುವುದನ್ನು ಕಲಿಸುವುದು ಇನ್ನೂ ಮುಖ್ಯ. ಇಳಿಯುವಾಗ ಮಂಡಿಗಳು ಒಳಕ್ಕೆ ವಾಲಿದರೆ ಮಂಡಿಯೊಳಗಿನ ಅಸ್ಥಿರಜ್ಜುವಾದ ಎಸಿಎಲ್ ಹರಿಯುವ ಅಪಾಯವಿದೆ. ಒಂದೇ ಆಟದಲ್ಲಿ ಗಂಡಸರಿಗಿಂತ ಹೆಂಗಸರಿಗೆ ಈ ಗಾಯ ಹೆಚ್ಚು. ಆದ್ದರಿಂದ ಮೊದಲ ವಾರಗಳಲ್ಲಿ ಹಾರುವ ಮಾತೇ ಬೇಡ. ತಗ್ಗಿನ ಪೆಟ್ಟಿಗೆಯಿಂದ ಇಳಿದು, ಮಂಡಿ ಪಾದದ ನೇರಕ್ಕಿಟ್ಟು, ಅಲುಗದೆ ನಿಲ್ಲಬೇಕು. ಬೇಸರದ ಕೆಲಸ, ವಿಡಿಯೊ ಮಾಡಿ ಹಾಕುವಂಥದ್ದೇನೂ ಇಲ್ಲ.

ಚೆನ್ನಾಗಿ ಕಲಿಸುವವರು ಕಣ್ಣಿನಷ್ಟೇ ಕಿವಿಯನ್ನೂ ನಂಬುತ್ತಾರೆ. ಪಾದ ಹಗುರವಾಗಿ ತಾಕಿದರೆ ಟಪ್, ಮೈಯೆಲ್ಲ ಕುಸಿದು ಬಿದ್ದರೆ ಧೊಪ್. ಟಪ್ ಟಪ್ ಎನ್ನುತ್ತಿದ್ದ ಸಾಲಿನಲ್ಲಿ ಮೊದಲ ಧೊಪ್ ಕೇಳಿದೊಡನೆ ಅಂಥವರು ಸೀಟಿ ಊದಿ, ಪೆಟ್ಟಿಗೆಗಳನ್ನು ಒಳಗಿಡಿಸುತ್ತಾರೆ. ಗಡಿಯಾರದಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿದ್ದರೂ ಸರಿ.